ಗುಡಿಸದೆ ಬಿಟ್ಟ ಬೀದಿ

೧೨ ಆಗಸ್ಟ್, ಮಂಗಳವಾರ

ಇವತ್ತು ಪಂಚಾಯಿತಿಯ ಇಂಜಿನಿಯರ್ ಬೀದಿ ನೋಡಲು ಬರುವವರಿದ್ದರೂ ಬೇಕೆಂದೇ ಗುಡಿಸಲಿಲ್ಲ. ನಮ್ಮ ಶೀಟು ಮನೆಗಳ ಸಾಲಿಗೆ ಚರಂಡಿಯೇ ಇಲ್ಲ, ಬಚ್ಚಲ ನೀರೆಲ್ಲ ಬಾಗಿಲ ಮುಂದೆ ನಿಲ್ಲುತ್ತದೆ. ಆದರೆ ಪಂಚಾಯಿತಿಯವರು ನೋಡಲು ಬಂದಾಗಲೆಲ್ಲ ನಾವೇ ನೀರು ಬಳಿದು, ಮಣ್ಣು ಹರಡಿ, ರಂಗೋಲಿ ಇಡುತ್ತಿದ್ದೆವು. ಅವರು "ಚೆನ್ನಾಗೇ ಇದ್ಯಲ್ಲಮ್ಮ" ಎಂದು ಹೋಗಿಬಿಡುತ್ತಿದ್ದರು.

"ಬರೋರ್ಗೆ ಮರ್ಯಾದೆ ಬೇಡ್ವೇನಕ್ಕಾ?" ಎಂದು ಪಕ್ಕದ ಮನೆಯ ಪಿಳ್ಳಪ್ಪ ಬೆಳಿಗ್ಗೆಯೇ ಪೊರಕೆ ಹಿಡಿದು ಬಂದ.

"ಮರ್ಯಾದೆ ಕಾಪೀಲಿ ಕೊಡಾಣ, ಪರ್ಕೆ ಕೆಳಗಿಡಪ್ಪ" ಎಂದೆ.

ಇಂಜಿನಿಯರ್ ಕಾಲಿಟ್ಟ ಕೂಡಲೇ ಬೂಟು ಕೆಸರಲ್ಲಿ ಹೂತುಹೋಯಿತು. ಅಲ್ಲೇ ನಿಂತು ಟೇಪು ತರಿಸಿ ಬೀದಿ ಅಳೆಸಿದರು. ಅಳತೆಯ ಹಾಳೆಗೆ ಅವರ ಸಹಿ ಬಿದ್ದ ಮೇಲೆಯೇ ಬೂಟು ತೊಳೆಯಲು ನೀರು ಕೊಟ್ಟೆ.

ಚರಂಡಿ ಬಂದೇ ಬರುತ್ತದೆ. ಆದರೂ ಬಂದವರನ್ನು ಕೊಳಚೆಯಲ್ಲಿ ನಿಲ್ಲಿಸಿದ ಸಂಕೋಚ ಇನ್ನೂ ಹೋಗಿಲ್ಲ. ಕೆಲಸ ಶುರುವಾದ ದಿನ ಆ ಮನುಷ್ಯನಿಗೆ ಒಬ್ಬಟ್ಟು ಮಾಡಿ ಬಡಿಸಬೇಕು. ಬೇಳೆ ಇದೆ, ಬೆಲ್ಲ ಮಾತ್ರ...