ಸೇತುವೆ ಹಾರುವ ಹುಡುಗಿ

ಅಣ್ಣಾ,

ನನ್ನ ಕೋಳಿಕಾಲು ಅಕ್ಷರ, ತಪ್ಪು ಕಾಗುಣಿತ ಎರಡನ್ನೂ ಕ್ಷಮಿಸು.

ನಿನ್ನೆ ನಾವು ಆಡುತ್ತಿದ್ದ ವಿಡಿಯೋ ಗೇಮಿನ ಸಿನಿಮಾ ನೋಡಿದೆ. “ಇದು ಸಿನಿಮಾ ಆಗ್ಲೇಬೇಕು ಕಣೇ” ಅಂತ ನೀನು ಹೇಳಿದಾಗಲೆಲ್ಲ ನಗುತ್ತಿದ್ದೆ. ಆಟದ ಬೊಂಬೆಯ ಬದಲು ನಿಜವಾದ ಹುಡುಗಿ, ನಿಜವಾದ ಗಾಳಿ. ಮುರಿದ ಸೇತುವೆಯನ್ನು ಒಂದೇ ನೆಗೆತಕ್ಕೆ ದಾಟಿಬಿಟ್ಟಳು!

ನಾವಿಬ್ಬರೂ ಒಂದೇ ರಿಮೋಟ್ ಹಿಡಿದು, ನೀನು ಓಡಿಸಿ ನಾನು ಹಾರಿಸಿ, ಅಲ್ಲಿ ಎಷ್ಟು ಸಲ ಬಿದ್ದಿದ್ದೆವು. ಕೊನೆಯ ಸಲ ನಾನು, “ಬಿಡೋ ಅಣ್ಣ, ನಿನ್ ಕೈಗೆ ಬರೀ ಸೋಮಾರಿತನ” ಅಂದೆ. ನೀನು ನಕ್ಕು, ರಿಮೋಟನ್ನು ನನ್ನ ಮಡಿಲಿಗಿಟ್ಟೆ. ಮತ್ತೆ ಮುಟ್ಟಲಿಲ್ಲ.

ಕಾಯಿಲೆ ಮೊದಲು ಬಂದದ್ದೇ ಕೈಗೆ ಅಂತ, ನೀನು ತೀರಿಕೊಂಡ ಮೇಲೆ ಡಾಕ್ಟರು ಅಮ್ಮನಿಗೆ ಹೇಳಿದರು.

ಇವತ್ತು ಬೆಳಿಗ್ಗೆ ಆಟ ಹಾಕಿ, ನನ್ನ ಗುಂಡಿಯೊಂದನ್ನೇ ಒತ್ತುತ್ತಾ ಕೂತೆ. ಹುಡುಗಿ ನಿಂತಲ್ಲೇ ಹಾರುತ್ತಿದ್ದಳು.