ಆಮೆಯ ತೊಟ್ಟಿಯ ಪಕ್ಕದ ಮಾತು

ನವೆಂಬರ್ ೧೪, ಗುರುವಾರ. ಡುಲೂತ್.

ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಮಗಳ ಟೀಚರನ್ನು ಕಂಡು ಹೊಟ್ಟೆ ಉರಿಸಿಕೊಳ್ಳುವ ತಾಯಿ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಇವತ್ತು ಶಾಲೆಯಲ್ಲಿ ಪೋಷಕರ ಭೇಟಿಯಿತ್ತು. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು, ವಾರದಿಂದ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ: "ನಮ್ಮ ಮಾರೆನ್ ಮನೇಲಿ ತುಟಿ ಪಿಟಕ್ ಅನ್ನಲ್ಲ. ಇಲ್ಲೂ ಹಾಗೇನಾ?"

ಟೀಚರ್ ಮಿಸ್ ಕೊಸ್ಕೆಲಾ ನಕ್ಕಳು. "ಮಾರೆನ್ನಾ? ಅಯ್ಯೋ, ಅವಳ ಬಾಯಿಗೆ ಬೀಗ ಹಾಕೋಕೇ ಆಗಲ್ಲ! ಮಾತು ಕಮ್ಮಿ ಆಗ್ಲಿ ಅಂತ ಎರಡು ಸಲ ಜಾಗ ಬದಲಾಯಿಸಿದೀನಿ."

ನಕ್ಕರೆ ಕೆನ್ನೆಯಲ್ಲಿ ಗುಳಿ ಬೇರೆ.

ಎದ್ದು ಬಂದುಬಿಡೋಣ ಎನಿಸಿತು. ಹಲ್ಲು ಕಚ್ಚಿಕೊಂಡು ಕೇಳಿದೆ, "ಅದ್ಹೇಗೆ ಮಾತಾಡಿಸ್ತೀರಿ?"

"ನಾನೇನೂ ಕೇಳಲ್ಲ. ಕ್ಲಾಸಿನ ಆಮೆ ತೊಟ್ಟಿ ತೊಳೀತಿರ್ತೀನಿ. ಪಕ್ಕ ಬಂದು ನಿಂತ್ಕೊಂಡು ತಾನೇ ಶುರು ಮಾಡ್ತಾಳೆ."

ನಾನೋ, ಮಗು ಬೂಟು ಬಿಚ್ಚುವ ಮೊದಲೇ 'ಇವತ್ತೇನಾಯ್ತು?' ಎಂದು ಪೊಲೀಸರಂತೆ ವಿಚಾರಣೆಗೆ ನಿಲ್ಲುವವಳು.

ನಮ್ಮನೆಯಲ್ಲಿ ಆಮೆ ಎಲ್ಲಿಂದ ಬರಬೇಕು? ಸಂಜೆ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ, ಅವಳತ್ತ ತಿರುಗಿಯೂ ನೋಡದೆ ನಿಂತೆ. ಏನೂ ಕೇಳದೆ ಇರುವುದು ಎಂಥ ಹಿಂಸೆ! ಕೊನೆಗೂ ಬಂದಳು. ಸಿಪ್ಪೆಯೊಂದನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಬಾಯಿ ಬಿಟ್ಟಳು.

"ಅಮ್ಮಾ, ಮಿಸ್ ಕೊಸ್ಕೆಲಾ ಇದ್ದಾರಲ್ಲ..."

ಆಮೇಲೆ ನಿಲ್ಲಿಸಲೇ ಇಲ್ಲ. ಮಿಸ್ ಕೊಸ್ಕೆಲಾಳ ಬೆಕ್ಕು, ಮಿಸ್ ಕೊಸ್ಕೆಲಾಳ ಹಳದಿ ಟೋಪಿ, ಮಿಸ್ ಕೊಸ್ಕೆಲಾ ಹೇಳಿದ ಜೋಕು. ಹೊಟ್ಟೆ ಧಗಧಗ ಉರಿಯುತ್ತಿದ್ದರೂ ಕೈ ನಿಲ್ಲಿಸಲಿಲ್ಲ, ಎಲ್ಲಿ ಹೊರಟು ಹೋಗುತ್ತಾಳೋ ಎಂದು.

ಇಡೀ ಚೀಲದ ಆಲೂಗಡ್ಡೆ ಸುಲಿದು ಕೂತಿದ್ದೇನೆ. ನಾಳೆ ಇನ್ನೊಂದು ಚೀಲ ತರಬೇಕು, ದೊಡ್ಡದೇ.