ಕುರಿಮರಿಗಳ ಕೊರಳಿನ ಗೆಜ್ಜೆ

ಆದವಾನಿ
೧೬-೧-೧೯೪೧, ಗುರುವಾರ

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ನೋವು ಹೇಗಿದೆ? ಮಾಧವರಂನ ಹೊಳೆಗಾಳಿಗೆ ಹೆಚ್ಚಾಗಿರಬೇಕು. ಹುಸೇನಮ್ಮ ಚಿಕ್ಕಮ್ಮ ಎಣ್ಣೆ ತಿಕ್ಕುತ್ತಾಳೆ ತಾನೆ? ಇಲ್ಲಿ ನಿನ್ನ ಮೊಮ್ಮಗಳು ಹಾಲು ಕುಡಿಯುತ್ತಾಳೆ, ಮೈ ಕಾದಿಲ್ಲ. ಆದರೆ ನಿದ್ದೆಯೊಂದಿಲ್ಲ, ಅವಳಿಗೂ ನನಗೂ. ಕಣ್ಣು ಮುಚ್ಚಿದಳೆಂದರೆ ಉಸಿರಾಡುತ್ತಾಳೋ ಇಲ್ಲವೋ ಎಂದು ಮೂಗಿನ ಬಳಿ ಬೆರಳಿಟ್ಟು ನೋಡುತ್ತ ಕೂರುತ್ತೇನೆ. ಓದಿದ ಪುಸ್ತಕ ಯಾವುದೂ ಇದಕ್ಕೆ ನೆರವಿಗೆ ಬರಲಿಲ್ಲ.

ತೊಟ್ಟಿಲಿಗೆ ಹಾಕಿದ ದಿನ ನೀನು ಗೆಜ್ಜೆಯ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆ. “ಕೂಸಿನ ಕಾಲಿಗೆ ಒಮ್ಮೆ ಮುಟ್ಟಸ್ತೀನವ್ವ, ನಮ್ಮ ಮನಿ ಪದ್ಧತಿ” ಅಂದೆ. ನೀನು ಕುಣಿಯುತ್ತಿದ್ದವಳೆಂದು ಈ ಮನೆಯಲ್ಲಿ ನಿನ್ನ ಅಳಿಯನಿಗೆ ಮಾತ್ರ ಗೊತ್ತಿತ್ತು. ಅತ್ತೆ ಒಳಗಿದ್ದರು. ನಾನು, “ಮಂದಿ ಮುಂದ ನನ್ನ ಮಾನ ಕಳೀಬ್ಯಾಡ” ಎಂದುಬಿಟ್ಟೆ. ಚೀಲ ಅಲ್ಲೇ ಇಟ್ಟು, ಊಟವನ್ನೂ ಮಾಡದೆ ಸಂಜೆಯ ರೈಲು ಹತ್ತಿದೆ ನೀನು.

ಅತ್ತೆಯ ಕಣ್ಣಿಗೆ ಬಿದ್ದೀತೆಂದು ಅದನ್ನು ಕುರಿ ಕಾಯುವ ಯರ್ರೆಪ್ಪನಿಗೆ ಕೊಟ್ಟುಬಿಟ್ಟೆ ಅವ್ವಾ. ಅವನು ದಾರ ಕತ್ತರಿಸಿ ಮರಿಗಳ ಕೊರಳಿಗೆ ಒಂದೊಂದು ಕಟ್ಟಿದ. ನಿನ್ನ ವಂಕಿ, ಡಾಬು, ಜಡೆಯ ನಾಗರ ಒಂದೊಂದಾಗಿ ಮಾರಿಹೋಗಿ ನಾನು ಬಿ.ಎ. ಆದೆ. ಗೆಜ್ಜೆಯನ್ನು ಮಾತ್ರ ನೀನು ಬಿಡಲಿಲ್ಲ. “ಮೈಮ್ಯಾಗಿನ ಬಂಗಾರ ನೋಡೋರಿಗೆ, ಕಾಲಾಗಿನ ಕಂಚು ನನಗ” ಅನ್ನುತ್ತಿದ್ದೆ. ಕಟ್ಟುವ ಮುಂಚೆ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಅದನ್ನು ಕುರಿಹಟ್ಟಿಗೆ ಕಳಿಸಿದ ಕೈ ಇದು.

ದಿನಾ ಬೆಳಿಗ್ಗೆ ಆ ಮರಿಗಳು ನಮ್ಮ ಓಣಿಯಲ್ಲಿ ಹೋಗುವಾಗ ಕೂಸು ಅಳು ನಿಲ್ಲಿಸಿ ಕಿವಿಗೊಡುತ್ತದೆ. ನಾನೂ ನಿನ್ನ ತಾಲೀಮಿನ ಸದ್ದಿಗೇ ಮಲಗುತ್ತಿದ್ದೆನೆಂದು ಚಿಕ್ಕಮ್ಮ ಹೇಳುತ್ತಿದ್ದಳಲ್ಲ! ಮೊನ್ನೆ ಓಡಿಹೋಗಿ, ಕೂಸು ಈ ಸದ್ದಿಗೆ ಅಳು ನಿಲ್ಲಿಸುತ್ತದೆಂದು ಹೇಳಿ ಗೆಜ್ಜೆ ವಾಪಸು ಕೇಳಿದೆ. ಯರ್ರೆಪ್ಪ ನಕ್ಕ: “ಕೊಟ್ಟಾರೂ ನೀವ, ಬೇಡಾರೂ ನೀವ! ಮರಿಗುಳು ಅತ್ತರ ತೊಟ್ಟಿಲ ತೂಗಾಕ ಬರ್ತೀರೇನಕ್ಕಾರ?” ಆದರೂ ಬಿಚ್ಚಿ ಕೊಟ್ಟ. ಎಷ್ಟೋ ಗೆಜ್ಜೆ ಅಡವಿಯಲ್ಲಿ ಉದುರಿಹೋಗಿವೆ. ಉಳಿದವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಟ್ಟಿದ್ದೇನೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ. ಗೆಜ್ಜೆ ಕಟ್ಟುತ್ತಿದ್ದ ನಿನ್ನ ಕಾಲಿಗೆ ಹಣೆ ಹಚ್ಚಿ,

ನಿನ್ನ
ಹುಲುಗಿ

ತಾ.ಕ.: ಗೆಜ್ಜೆಗೊಂದರಂತೆ ನೀನು ಹಾಕುತ್ತಿದ್ದ ಗಂಟು ನನಗೆ ಬರುತ್ತಿಲ್ಲ, ಪೋಣಿಸಿದ್ದೆಲ್ಲ ಜಾರುತ್ತದೆ. ಇವು ಯಾರವು ಎಂದು ಅತ್ತೆ ಕೇಳಿದರು. ಎಲ್ಲ ಹೇಳಿಬಿಟ್ಟೆ. ಒಂದು ಗೆಜ್ಜೆ ಕೈಗೆತ್ತಿಕೊಂಡು, “ಮತ್ತ ಆಕಿನ್ನ ಕರಸು. ಕೂಸಿನ ಕಾಲಿಗೆ ಇನ್ನೂ ಮುಟ್ಟಸಿಲ್ಲಲ್ಲ” ಎಂದರು. ಬಾ ಎನ್ನುವ ಬಾಯಿ ನನಗಿಲ್ಲ ಅವ್ವಾ. ದಾರ ತಂದಿಟ್ಟುಕೊಂಡು ಕೂತಿದ್ದೇನೆ.